ಮಗಳಿಗೊಂದು ಪತ್ರ: ಸಾಕವ್ವ, ಗುಲಾಬಿ, ಪುಟ್ಟಕ್ಕ

ಪ್ರೀತಿಯ ಮಗಳೇ,

ಧಾರಾವಾಹಿಗೆ ಆಯ್ಕೆಯಾಗಿರುವ ಸುದ್ದಿ ಓದಿ ತುಂಬ ಸಂತೋಷವಾಯಿತು. ಪಾತ್ರ ನಿನಗಿಂತ ಇಪ್ಪತ್ತು ವರ್ಷ ದೊಡ್ಡದು, ಮಾತು ಹಳೇ ಮೈಸೂರು ಸೀಮೆಯದು ಎಂದು ಬರೆದಿದ್ದೀಯ. ಶೂಟಿಂಗ್ ಶುರುವಾಗುವುದರೊಳಗೆ ನಟಿ ಉಮಾಶ್ರೀಯವರ ಕೆಲಸವನ್ನು ಕೂತು ನೋಡು. ಮೆಚ್ಚಿಕೊಳ್ಳುವುದಕ್ಕಲ್ಲ, ಕಲಿಯುವುದಕ್ಕೆ. ರಂಗಭೂಮಿ, ಸಿನಿಮಾ, ಕಿರುತೆರೆ ಮೂರರಲ್ಲೂ ಪೂರ್ತಿ ಪಳಗಿದವರು ನಮ್ಮಲ್ಲಿ ಬಹಳ ಮಂದಿ ಇಲ್ಲ.

ಅವರ ದಾರಿಯನ್ನು ಮೊದಲು ಗಮನಿಸು. ನಾಟಕದಿಂದ ಬಂದವರು. ಕಾಶೀನಾಥ್ ನಿರ್ದೇಶನದ 1984ರ ‘ಅನುಭವ’ ಹೆಸರು ತಂದುಕೊಟ್ಟಿತು. ಆಮೇಲೆ ವರ್ಷಗಟ್ಟಲೆ ಸಿನಿಮಾದವರು ಅವರಿಗೆ ಕೊಟ್ಟದ್ದು ಹೆಚ್ಚಾಗಿ ಹಾಸ್ಯ ಪಾತ್ರ, ಎನ್.ಎಸ್. ರಾವ್ ಮುಂತಾದವರ ಜೊತೆಗಿನ ದೃಶ್ಯಗಳು. ಆ ಕಾಲದ ಕೆಲಸವನ್ನು ಹಗುರವಾಗಿ ಕಂಡವರು ತಪ್ಪು ಮಾಡಿದರು ಎಂದೇ ನನ್ನ ಅಭಿಪ್ರಾಯ. ಮಾತು ಎಲ್ಲಿ ನಿಲ್ಲಬೇಕು, ಎದುರಿನವರ ಮಾತಿನ ಯಾವ ಅಕ್ಷರದ ಮೇಲೆ ಕಣ್ಣು ತಿರುಗಬೇಕು ಎಂಬ ಲೆಕ್ಕ ಹಾಸ್ಯದಲ್ಲಿ ಕಲಿತಷ್ಟು ಬೇರೆಲ್ಲೂ ಕಲಿಯಲಾಗದು. ನಾಟಕದಲ್ಲಿ ನಗು ಏರಿ ಇಳಿಯತೊಡಗಿದಾಗ ಮುಂದಿನ ಮಾತು ಎತ್ತಬೇಕು. ಪೂರ್ತಿ ಇಳಿಯುವವರೆಗೆ ಕಾದರೆ ದೃಶ್ಯ ತಣ್ಣಗಾಗುತ್ತದೆ. ಕ್ಯಾಮೆರಾ ಮುಂದೆ ಆ ನಗು ಇರುವುದಿಲ್ಲ. ಅಷ್ಟೇ ಬಿಡುವು ಅಲ್ಲೂ ಕೊಟ್ಟರೆ ಮಾತು ಮರೆತವಳಂತೆ ಕಾಣುತ್ತೀಯ. ಅರ್ಧಕ್ಕಿಂತ ಕಡಿಮೆ ಸಾಕು.

ಈಗ ವಯಸ್ಸಿನ ವಿಷಯ. ನಿನ್ನ ಪಾತ್ರಕ್ಕೆ ಇದೇ ಮುಖ್ಯ. ದೇವನೂರ ಮಹಾದೇವ ಅವರ ‘ಒಡಲಾಳ’ ಕಿರುಕಾದಂಬರಿಯನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ, ಕಳೆದುಹೋದ ಹುಂಜ ಹುಡುಕುವ ಸಾಕವ್ವನಾಗಿ ಉಮಾಶ್ರೀ ನಿಂತರು. ಸಾಕವ್ವ ಅವರಿಗಿಂತ ಎಷ್ಟೋ ಹಿರಿಯಳು. 1995ರ ‘ಪುಟ್ನಂಜ’ದಲ್ಲಿ ಅಜ್ಜಿ ಪುಟ್ಮಲ್ಲಿಯಾದಾಗಲೂ ಅವರಿಗೆ ನಲವತ್ತು ತುಂಬಿರಲಿಲ್ಲ. ವಯಸ್ಸಾದವರನ್ನು ಆಡುವವರು ಸಾಮಾನ್ಯವಾಗಿ ಬೆನ್ನು ಬಗ್ಗಿಸಿ, ಗಂಟಲು ನಡುಗಿಸುತ್ತಾರೆ. ಎರಡೂ ಸುಳ್ಳಾಗಿ ಕಾಣುತ್ತವೆ. ವಯಸ್ಸು ಮೊದಲು ಬರುವುದು ಮಂಡಿಗೆ: ನಡೆಯುವಾಗ ಮಂಡಿ ಪೂರ್ತಿ ನೆಟ್ಟಗಾಗುವುದಿಲ್ಲ, ಹೆಜ್ಜೆ ಗಿಡ್ಡವಾಗುತ್ತದೆ, ಪಾದಗಳ ನಡುವಿನ ಅಂತರ ಅಗಲವಾಗುತ್ತದೆ. ಏಳುವ ಮೊದಲೇ ಕೈ ಆಸರೆ ಹುಡುಕುತ್ತದೆ. ಯಾರಾದರೂ ಕರೆದರೆ ಕತ್ತೊಂದೇ ತಿರುಗುವುದಿಲ್ಲ, ಭುಜವೂ ಜೊತೆಗೆ ತಿರುಗುತ್ತದೆ. ದನಿ ನಡುಗಬೇಕಿಲ್ಲ, ಉಸಿರು ವಾಕ್ಯದ ಮುಕ್ಕಾಲಿಗೇ ಮುಗಿಯಬೇಕು, ಉಳಿದ ಕಾಲುಭಾಗ ಹೊಸ ಉಸಿರಿನಲ್ಲಿ ಬರಬೇಕು. ಆದರೆ ದುಡಿದ ಹೆಂಗಸಿನ ಕೈ ಮಾತ್ರ ಚುರುಕಾಗಿಯೇ ಇರುತ್ತದೆ. ಕಾಲು ನಿಧಾನ, ಕೈ ಚುರುಕು: ಈ ಹೊಂದಿಕೆ ಸಿಕ್ಕರೆ ಅರ್ಧ ಪಾತ್ರ ಸಿಕ್ಕ ಹಾಗೆ.

ಮೇಕಪ್ಪಿನಲ್ಲೂ ಇದೇ ಎಚ್ಚರ ಬೇಕು. ರಂಗದ ಮೇಲೆ ಪೆನ್ಸಿಲಿನಲ್ಲಿ ಎಳೆದ ಗೆರೆ ಹತ್ತನೇ ಸಾಲಿಗೆ ಸುಕ್ಕಾಗಿ ಕಾಣುತ್ತದೆ. ಎಚ್‌ಡಿ ಕ್ಯಾಮೆರಾದ ಕ್ಲೋಸಪ್‌ನಲ್ಲಿ ಅದು ಬರೀ ಪೆನ್ಸಿಲ್ ಗೆರೆ. ಅಲ್ಲಿ ಚರ್ಮವನ್ನು ಬೆರಳಿನಲ್ಲಿ ಎಳೆದು ಹಿಡಿದು, ತೆಳುವಾಗಿ ದ್ರವ ಲೇಟೆಕ್ಸ್ ಹಚ್ಚಿ, ತಣ್ಣನೆಯ ಗಾಳಿಯಲ್ಲಿ ಒಣಗಿಸಿ, ಪೌಡರ್ ಹಾಕಿ ಆಮೇಲೆ ಬಿಡುತ್ತಾರೆ. ಬಿಟ್ಟಾಗ ಚರ್ಮ ತಾನೇ ನೆರಿಗೆಯಾಗುತ್ತದೆ. ರಬ್ಬರ್ ಅಲರ್ಜಿ ಇದೆಯೋ ಎಂದು ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ನೋಡು. ಹುಬ್ಬಿನ ಹತ್ತಿರ ಹಚ್ಚಲು ಬಿಡಬೇಡ, ತೆಗೆಯುವಾಗ ಕೂದಲು ಕಿತ್ತು ಬರುತ್ತದೆ. ಮುಖ ಮುಗಿಸಿದವರು ಕತ್ತು ಮತ್ತು ಮುಂಗೈ ಮರೆಯುವುದು ಮಾಮೂಲು; ನೀನೇ ಕೇಳಿ ಮಾಡಿಸಿಕೋ.

ಮಾತಿನ ಬಗ್ಗೆ. ಸಾಕವ್ವನದು ನಂಜನಗೂಡು, ಚಾಮರಾಜನಗರ ಕಡೆಯ ಮಾತು. ಗಿರೀಶ್ ಕಾಸರವಳ್ಳಿಯವರ 2008ರ ‘ಗುಲಾಬಿ ಟಾಕೀಸು’ ಸಿನಿಮಾದ ಗುಲಾಬಿ ಕುಂದಾಪುರ ಸೀಮೆಯ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿ. ಆ ಪಾತ್ರಕ್ಕೇ ಉಮಾಶ್ರೀಯವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು. ಒಂದು ಸೀಮೆಯ ಮಾತು ಕಲಿಯಲು ಅಲ್ಲಿನ ವಿಶೇಷ ಪದಗಳ ಪಟ್ಟಿ ಮಾಡಬೇಡ. ಕ್ರಿಯಾಪದದ ಕೊನೆ ಹಿಡಿ. ಮೈಸೂರು ಕಡೆ ‘ಬತ್ತೀನಿ’, ಕುಂದಾಪುರದಲ್ಲಿ ‘ಬತ್ತೆ’. ಕೊನೆ ಸರಿಯಾದರೆ ವಾಕ್ಯದ ರಾಗ ತಾನೇ ಹಿಂದೆ ಬರುತ್ತದೆ. ಆ ಊರಿನ, ನಿನ್ನ ಪಾತ್ರದ ವಯಸ್ಸಿನ ಒಬ್ಬ ಹೆಂಗಸಿನ ಹತ್ತು ನಿಮಿಷದ ಮಾತನ್ನು ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೋ. ಸಂದರ್ಶನದಂತೆ ಪ್ರಶ್ನೆ ಕೇಳಿದರೆ ಎಲ್ಲರೂ ಪುಸ್ತಕದ ಕನ್ನಡಕ್ಕೆ ಹೊರಳುತ್ತಾರೆ. ಅಡುಗೆ ಮಾಡುತ್ತಾ ಮನೆಯವರ ಜೊತೆ ಆಡುವ ಮಾತು ಬೇಕು.

ಗುಲಾಬಿಯ ಪಾತ್ರದಲ್ಲಿ ಇನ್ನೊಂದು ಸಂಗತಿ ನೋಡು. ಸಿನಿಮಾ ಹುಚ್ಚಿನ ಆ ಹೆಂಗಸು ಪರದೆಯನ್ನು ನೋಡುವಾಗ ನಟಿ ಮಾಡುವ ಕೆಲಸ ಕಣ್ಣಿಗೆ ಕಾಣದಷ್ಟು ಕಡಿಮೆ. ರಂಗದಲ್ಲಿ ಕೊನೆಯ ಸಾಲಿಗೆ ಮುಟ್ಟುವಂತೆ ಆಡಿ ಬಂದವರಿಗೆ ಅಷ್ಟು ಇಳಿಸುವುದೇ ಕಷ್ಟ. ಶಾಟ್‌ಗೆ ಮೊದಲು ಕ್ಲೋಸಾ (ಮುಖ ಮಾತ್ರ), ಮಿಡ್ಡಾ (ಸೊಂಟದವರೆಗೆ) ಎಂದು ಕ್ಯಾಮೆರಾಮನ್‌ರನ್ನು ಕೇಳು, ಅದರಲ್ಲಿ ಸಂಕೋಚ ಬೇಡ. ಬಿಗಿ ಕ್ಲೋಸ್‌ನಲ್ಲಿ ತಲೆ ಎರಡು ಇಂಚು ಮುಂದೆ ಬಂದರೂ ಫೋಕಸ್ ಹೋಗಬಹುದು. ನೆಲದ ಮೇಲೆ ಹಾಕಿದ ಗುರುತಿಗೆ ಸರಿಯಾಗಿ ಬಂದು ನಿಲ್ಲಬೇಕಾದರೆ ರಿಹರ್ಸಲ್‌ನಲ್ಲಿ ಗುರುತಿನಿಂದ ಹಿಂದಕ್ಕೆ ಹೆಜ್ಜೆ ಎಣಿಸಿಕೊಂಡು ಹೋಗಿ ಅಲ್ಲಿಂದ ಶುರುಮಾಡು. ಆಗ ನೆಲ ನೋಡಬೇಕಾಗುವುದಿಲ್ಲ.

2013ರಲ್ಲಿ ಉಮಾಶ್ರೀ ತೇರದಾಳದಿಂದ ಗೆದ್ದು ಶಾಸಕಿಯಾದರು, ಸಚಿವೆಯೂ ಆದರು. 2021ರ ಕೊನೆಯಲ್ಲಿ ಜೀ ಕನ್ನಡದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಗೆ ಬಂದರು. ಅದರಲ್ಲಿ ಅವರು ಪುಟ್ಟಕ್ಕ, ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿ. ನೀನು ಹೋಗುತ್ತಿರುವುದು ಈ ಲೋಕಕ್ಕೇ ಆದ್ದರಿಂದ ಇದನ್ನು ಬಿಡಿಸಿ ಬರೆಯುತ್ತೇನೆ.

ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದು ಇಪ್ಪತ್ತು, ಇಪ್ಪತ್ತೆರಡು ನಿಮಿಷ ಕಥೆ ಇರುತ್ತದೆ. ವಾರಕ್ಕೆ ಐದಾರು ಕಂತು ಹೋಗಬೇಕಾದ್ದರಿಂದ ಯೂನಿಟ್ ಹೆಚ್ಚುಕಡಿಮೆ ದಿನಕ್ಕೊಂದು ಕಂತಿನಷ್ಟು ಚಿತ್ರಿಸಲೇಬೇಕು. ಹಾಗಾಗಿ ದೃಶ್ಯಗಳನ್ನು ಕಥೆಯ ಕ್ರಮದಲ್ಲಲ್ಲ, ಜಾಗದ ಕ್ರಮದಲ್ಲಿ ತೆಗೆಯುತ್ತಾರೆ: ಅಡುಗೆಮನೆಯ ದೃಶ್ಯಗಳೆಲ್ಲ ಒಟ್ಟಿಗೆ, ಜಗಲಿಯವು ಒಟ್ಟಿಗೆ. ಬೆಳಗ್ಗೆ ಅಳು, ಮಧ್ಯಾಹ್ನ ಆ ಅಳುವಿಗೆ ಕಾರಣವಾದ ಸುದ್ದಿ. ಸೀನ್ ಪೇಪರ್ ಅವತ್ತೇ ಕೈಗೆ ಬರುವುದೂ ಉಂಟು. ಒಂದು ನೋಟ್‌ಬುಕ್ ಇಟ್ಟುಕೋ. ದೃಶ್ಯ ಸಂಖ್ಯೆ, ಹಗಲೋ ರಾತ್ರಿಯೋ, ಇದಕ್ಕೆ ಸ್ವಲ್ಪ ಮುಂಚೆ ಏನಾಯಿತು, ಪಾತ್ರಕ್ಕೆ ಈ ಹೊತ್ತಿಗೆ ಏನೇನು ಗೊತ್ತು, ಇಷ್ಟು ಬರೆದುಕೋ. ಕೊನೆಯದೇ ಹೆಚ್ಚು ಕೈಕೊಡುವುದು. ಇನ್ನೂ ತಿಳಿಯದ ಗುಟ್ಟನ್ನು ಮುಖ ಮೊದಲೇ ಹೇಳಿಬಿಡುತ್ತದೆ. ಪ್ರತಿ ದೃಶ್ಯ ಮುಗಿದ ಮೇಲೆ ಮುಂದೆ, ಪಕ್ಕ, ಹಿಂದೆ ಮೂರು ಫೋಟೊ ತೆಗೆಸು. ಬಳೆಗಳ ಸಂಖ್ಯೆ, ತಾಳಿ ಸೆರಗಿನ ಒಳಗೋ ಹೊರಗೋ, ಕುಂಕುಮದ ಅಳತೆ ಅದರಲ್ಲಿ ಕಾಣಬೇಕು.

ಪ್ರಾಂಪ್ಟಿಂಗ್ ಬಗ್ಗೆ ಜೋಪಾನ. ಸಹಾಯಕ ನಿರ್ದೇಶಕರು ಮಾತು ಹೇಳಿಕೊಡುತ್ತಾರೆ, ನಟರು ಹಿಂದೆಯೇ ಹೇಳುತ್ತಾರೆ. ಅದಕ್ಕೆ ಒಗ್ಗಿಕೊಂಡರೆ ಎದುರಿನವರನ್ನು ಕೇಳುವುದು ನಿಂತು, ಕಿವಿ ಪ್ರಾಂಪ್ಟರ್ ಕಡೆ ಹೋಗುತ್ತದೆ, ಕಣ್ಣು ಖಾಲಿಯಾಗುತ್ತದೆ. ಡಬ್ಬಿಂಗ್‌ನಲ್ಲಿ ದನಿ ಸರಿಪಡಿಸಬಹುದು, ಖಾಲಿ ಕಣ್ಣನ್ನಲ್ಲ. ಲೈಟಿಂಗ್ ನಡೆಯುವಾಗ ಮಾತು ಬಾಯಿಪಾಠ ಮಾಡಿಕೊಂಡು, ಪ್ರತಿ ಸಾಲಿನ ಮೊದಲ ಪದ ಮಾತ್ರ ಸಾಕೆಂದು ಕೇಳು.

ರಿಯಾಕ್ಷನ್ ಶಾಟ್‌ನಲ್ಲಿ, ಅಂದರೆ ಎದುರಿನವರ ಮಾತಿಗೆ ನಿನ್ನ ಮುಖದ ಪ್ರತಿಕ್ರಿಯೆ ತೆಗೆಯುವಾಗ, ‘ಕಟ್’ ಎನ್ನುವವರೆಗೆ ಮುಖ ಬಿಡಬೇಡ. ಮಾತು ಮುಗಿದ ನಂತರದ ಐದಾರು ಸೆಕೆಂಡುಗಳೇ ಎಡಿಟರ್‌ಗೆ ಬೇಕಾದವು. ಹಾಗೆಂದು ಮುಖವನ್ನು ಗಟ್ಟಿ ಮಾಡಿ ಹಿಡಿದರೆ ಬೊಂಬೆಯಾಗುತ್ತದೆ. ಒಳಗೊಂದು ಯೋಚನೆ ಓಡುತ್ತಿರಲಿ. ಗ್ಲಿಸರಿನ್ ಕಣ್ಣಿನೊಳಗೆ ಬೀಳಬಾರದು, ಕೆಳರೆಪ್ಪೆಯ ಕೆಳಗೆ ತೆಳುವಾಗಿ ಹಚ್ಚಬೇಕು. ಅವತ್ತು ಕಾಂಟ್ಯಾಕ್ಟ್ ಲೆನ್ಸ್ ಬೇಡವೇ ಬೇಡ. ನೀರು ಇಳಿದರಷ್ಟೇ ಅಳುವಾಗುವುದಿಲ್ಲ, ಉಸಿರು ಕೆಡಬೇಕು. ಅಳು ತಡೆಯಲು ಹೆಣಗುವ ಮುಖವನ್ನೇ ಜನ ನಂಬುತ್ತಾರೆ.

ಇನ್ನು ಕರಾರು. ತಿಂಗಳಿಗೆ ಕನಿಷ್ಠ ಎಷ್ಟು ದಿನ ಕೆಲಸ, ಒಂದು ಕಾಲ್‌ಶೀಟಿನ (ಒಂದು ದಿನದ ಕೆಲಸದ ಅವಧಿಯ) ಗಂಟೆಗಳೆಷ್ಟು, ಹೆಚ್ಚಾದರೆ ಏನು, ಹಣ ಎಷ್ಟು ದಿನಕ್ಕೆ ಬರುತ್ತದೆ, ಎಲ್ಲ ಬರಹದಲ್ಲಿರಲಿ. ಸಂಭಾವನೆಯಲ್ಲಿ ಶೇ. 10 ಟಿಡಿಎಸ್ (ಹಣ ಕೊಡುವವರೇ ಮೊದಲು ಕಡಿದುಕೊಳ್ಳುವ ಆದಾಯ ತೆರಿಗೆ) ಹಿಡಿದರೆ ಅದು ನಿನ್ನ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಆಗಾಗ ನೋಡು. ಬೇರೆ ವಾಹಿನಿಯಲ್ಲಿ ಕೆಲಸ ಮಾಡಬಾರದೆಂಬ ಷರತ್ತು ಹಾಕಬಹುದು, ಒಪ್ಪಿಕೋ. ಆದರೆ ಅದರಲ್ಲಿ ನಾಟಕ ಸೇರದಂತೆ ನೋಡಿಕೋ. ಒಂದೇ ಬಗೆಯ ಪಾತ್ರಗಳಲ್ಲಿ ಸಿಕ್ಕಿಕೊಂಡಿದ್ದ ಕಾಲದಲ್ಲಿ ಉಮಾಶ್ರೀಯವರಿಗೆ ಬೇರೆ ಬಾಗಿಲು ತೆರೆದದ್ದು ರಂಗಭೂಮಿಯೇ. ತಿಂಗಳಿಗೆ ಎರಡು ದಿನ ರಂಗಪ್ರದರ್ಶನಕ್ಕೆ ಬಿಡುವು, ಹದಿನೈದು ದಿನ ಮುಂಚೆ ತಿಳಿಸುವ ಹೊಣೆ ನಿನ್ನದು ಎಂದು ಒಂದು ಸಾಲು ಸೇರಿಸಲು ಕೇಳು. ಕರಡು ಕೈಗೆ ಬಂದ ಕೂಡಲೇ ನನಗೆ ಕಳುಹಿಸು, ಇಬ್ಬರೂ ಓದಿದ ಮೇಲೆ ಸಹಿ ಹಾಕುವೆಯಂತೆ.

ಪ್ರೀತಿಯಿಂದ,
ಅಮ್ಮ