ಹಾಯಿಬಟ್ಟೆಯ ಕೆಳಗೆ ಹುಟ್ಟಿದ ಪುಸ್ತಕಕ್ಕೆ ನೆರವಾದವರಿಗೆ

ಅಂತೂ ಮುಗಿಯಿತು. ಆರು ವರ್ಷಗಳಿಂದ ಮನೆಯವರೆಲ್ಲ ‘ಆ ರಾಜ್ಯ’ ಎಂದು ಕರೆಯುತ್ತಿದ್ದ ಕಾದಂಬರಿಯ ಹಸ್ತಪ್ರತಿಯನ್ನು ಮೊನ್ನೆ ಸೋಮವಾರ ಪ್ರಕಾಶಕರ ಕೈಗಿಟ್ಟು ಬಂದೆ.

ಇಲ್ಲದ ಊರಿನ ಕಥೆಯಿದು. ಕತ್ತಿ ಹಿಡಿದ ಸನ್ಯಾಸಿಗಳ ಪಂಥವೊಂದು ರಾಜನನ್ನು ಮೂಲೆಗೆ ಕೂರಿಸಿ ನಾಡನ್ನು ಆಳುತ್ತಿರುತ್ತದೆ. ಮೊದಲ ಕರಡಿನಲ್ಲಿ ಅವರು ಹುಟ್ಟಾ ರಾಕ್ಷಸರು, ಪುಟಕ್ಕೊಬ್ಬರನ್ನು ಸುಡುತ್ತಿದ್ದರು. ಅತ್ತಿಗೆ ಮೂವತ್ತು ಪುಟ ಓದಿ, “ಇಷ್ಟು ಜನಕ್ಕೆ ಬೇಯಿಸಿ ಹಾಕುವವರು ಯಾರು? ದುಡ್ಡು ಎಲ್ಲಿಂದ ಬರುತ್ತದೆ?” ಎಂದರು. ನನ್ನ ಬಾಯಿ ಕಟ್ಟಿತು. ಅತ್ತಿಗೆ, ಮೊದಲ ನಮಸ್ಕಾರ ನಿಮಗೆ.

ಉತ್ತರ ಹುಡುಕಿಕೊಂಡು ಹೋದವನಿಗೆ ನನ್ನ ಹೈಸ್ಕೂಲಿನ ಇತಿಹಾಸದ ಮೇಷ್ಟ್ರು ಟ್ಯೂಟಾನಿಕ್ ಪಂಥದ ಮೇಲಿನ ಪುಸ್ತಕವೊಂದನ್ನು ಕೊಟ್ಟರು. ಬಿಳಿ ನಿಲುವಂಗಿಯ ಮೇಲೆ ಕಪ್ಪು ಶಿಲುಬೆ ಧರಿಸಿ ಬಾಲ್ಟಿಕ್ ತೀರದ ಪ್ರಷ್ಯವನ್ನು ಆಳಿದ ಯೋಧ ಸನ್ಯಾಸಿಗಳು ಅವರು. ಅಲ್ಲಿನ ಕಡಲು ದಡಕ್ಕೆ ತಂದು ಹಾಕುವ ಅಂಬರ್, ಅಂದರೆ ಕಲ್ಲಾಗಿ ಹೋದ ಜೇನುಬಣ್ಣದ ಮರದಂಟು, ಊರವರಿಗೆ ದಕ್ಕುತ್ತಿರಲಿಲ್ಲ. ಆಯ್ದದ್ದನ್ನು ಪಂಥಕ್ಕೆ ಒಪ್ಪಿಸಬೇಕಿತ್ತು. ಪಂಥ ಅದನ್ನು ಜಪಮಣಿ ಮಾಡುವವರಿಗೆ ಮಾರುತ್ತಿತ್ತು. ಇಂಥದ್ದನ್ನು ಕಲ್ಪಿಸಿಕೊಳ್ಳುವ ತಾಕತ್ತು ನನಗಿರಲಿಲ್ಲ, ಮೇಷ್ಟ್ರೇ.

ಆ ಪುಸ್ತಕವನ್ನು ನಾನು ಪೂರ್ತಿ ಓದಿದ್ದು ಆಸ್ಪತ್ರೆಯಲ್ಲಿ. ಅಪ್ಪನಿಗೆ ಪಾರ್ಶ್ವವಾಯು ಬಡಿದು ನಲವತ್ತು ದಿನ ಅಲ್ಲಿದ್ದೆವು. ಒಂದು ರಾತ್ರಿ ಹಾಸಿಗೆಯ ಸುತ್ತಲಿನ ಪರದೆಯ ಕೊಕ್ಕೆ ಕಿತ್ತುಬಂತು. ರಾತ್ರಿ ಪಾಳಿಯ ಸಿಸ್ಟರ್ ಗಾಯಕ್ಕೆ ಸುತ್ತುವ ಬಟ್ಟೆಯ ಚೂರೊಂದನ್ನು ಹಲ್ಲಿನಿಂದ ಹರಿದು, ಪರದೆಯನ್ನು ಕಂಬಿಗೆ ಬಿಗಿದು, ಏನೂ ಆಗಿಲ್ಲವೆಂಬಂತೆ ಅಪ್ಪನ ಮಗ್ಗುಲು ಬದಲಿಸಿದರು. ಆಗ ನನ್ನ ಮಡಿಲಲ್ಲಿ ತೆರೆದಿದ್ದ ಪುಟದಲ್ಲಿ ಕ್ರುಸೇಡ್ ಯುದ್ಧಗಳ ಕಾಲದ, ಪ್ಯಾಲೆಸ್ತೀನ್ ಕರಾವಳಿಯ ಆಕ್ರೆ ನಗರದ 1190ರ ಮುತ್ತಿಗೆಯಿತ್ತು. ಜರ್ಮನಿಯ ಬ್ರೆಮೆನ್ ಮತ್ತು ಲ್ಯೂಬೆಕ್‌ ಪಟ್ಟಣಗಳ ವರ್ತಕರು ಹಡಗಿನ ಹಾಯಿಯನ್ನೇ ಡೇರೆ ಮಾಡಿ ರೋಗಿಗಳನ್ನು ಮಲಗಿಸಿದ್ದರು. ಪಂಥ ಹುಟ್ಟಿದ್ದು ಹಾಗೆ. ಎಂಟೇ ವರ್ಷದಲ್ಲಿ, 1198ಕ್ಕೆ, ಅದು ಸೈನ್ಯವಾಯಿತು. ನನ್ನ ರಾಕ್ಷಸರೂ ಒಂದು ಕಾಲಕ್ಕೆ ಯಾರದೋ ಮಗ್ಗುಲು ಬದಲಿಸಿದವರು ಎಂದು ತೋಚಿದ್ದು ಅಲ್ಲಿ. ಸಿಸ್ಟರ್, ಮೊದಲ ಅಧ್ಯಾಯದ ಪರದೆ ನೀವು ಕಟ್ಟಿದ್ದು.

ಬ್ಯಾಂಕಿನ ಸಾಲ ವಿಭಾಗದಲ್ಲಿರುವ ಗೆಳೆಯನ ಮೇಲೆ ಮಾತ್ರ ಸ್ವಲ್ಪ ಸಿಟ್ಟಿದೆ. ಕೂಲಿ ಸೈನಿಕರಿಗೆ ಸಂಬಳ ಕೊಡಲಾಗದೆ ಪಂಥ ತನ್ನ ರಾಜಧಾನಿಯಾದ ಮಾರಿಯೆನ್‌ಬುರ್ಗ್ ಕೋಟೆಯನ್ನು ಅವರಿಗೆ ಅಡವಿಟ್ಟದ್ದು, 1457ರಲ್ಲಿ ಅವರು ಅದನ್ನು ಪೋಲೆಂಡಿನ ರಾಜನಿಗೆ ಒಪ್ಪಿಸಿ ಹಣ ಎಣಿಸಿಕೊಂಡದ್ದು ಅವನಿಗೆ ಬಹಳ ಹಿಡಿಸಿತು. ನನ್ನ ರಾಜ್ಯವೂ ಸಂಬಳದ ಬಾಕಿಯಿಂದಲೇ ಬೀಳಬೇಕೆಂದು ಹಟ ಹಿಡಿದ. ಬಿತ್ತು. ಎರಡು ವರ್ಷ ಸಾಕಿದ್ದ ಡ್ರ್ಯಾಗನ್ ಕೆಲಸ ಕಳೆದುಕೊಂಡಿತು.

“ಹದಿನೇಳನೆಯ ಅಧ್ಯಾಯದಲ್ಲಿ ಸತ್ತ ಕುದುರೆ ಇಪ್ಪತ್ತೆರಡರಲ್ಲಿ ಹುಲ್ಲು ಮೇಯುತ್ತಿದೆ, ಸರ್” ಎಂದು ಫೋನ್ ಮಾಡಿದ ಡಿಟಿಪಿ ಅಂಗಡಿಯ ಹುಡುಗಿಗೂ ನನ್ನ ವಂದನೆ.

ಅಪ್ಪ ಈಗ ಎಡಗೈಯಲ್ಲಿ ಚಮಚ ಹಿಡಿಯುತ್ತಾರೆ. ಮಾತು ತೊದಲುತ್ತದೆ, ಆದರೂ ಆಡುತ್ತಾರೆ. ನಿನ್ನೆ ಸಂಜೆ ಮೊದಲ ಅಧ್ಯಾಯವನ್ನು ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದವರು ತುಸು ಹೊತ್ತಾದ ಮೇಲೆ, “ಹಾಯಿ ಬಿಚ್ಚಿಕೊಟ್ಟರೆ ಅವರು ಊರಿಗೆ ಹಿಂದಿರುಗುವುದು ಹೇಗೆ?” ಎಂದರು.

ಪ್ರಕಾಶಕರೇ, ಇನ್ನೆರಡು ದಿನ ಕೊಡಿ.