ನ್ಯಾಟ್ ವಿಮಾನದ ನಕ್ಷೆ ಕನ್ನಡದಲ್ಲಿ ಬರಲಿ

ಮಾನ್ಯ ಸಂಪಾದಕರೇ,

ಈ ಮಳೆಗಾಲವಿಡೀ ನನ್ನ ಮೇಜನ್ನು ಆಳಿದ್ದು 14 ಸೆಂಟಿಮೀಟರ್ ರೆಕ್ಕೆಯಗಲದ ಒಂದು ನ್ಯಾಟ್. 1971ರ ಡಿಸೆಂಬರ್ 14ರಂದು ಶ್ರೀನಗರದ ಆಕಾಶದಲ್ಲಿ ಪಾಕಿಸ್ತಾನದ ಸೇಬರ್ ಜೆಟ್‌ಗಳ ಎದುರು ಒಬ್ಬರೇ ಕಾದಾಡಿ ಮಡಿದ ನಿರ್ಮಲ್ ಜಿತ್ ಸಿಂಗ್ ಸೇಖೋನ್ ಹಾರಿಸಿದ ಯುದ್ಧವಿಮಾನದ 1:48 ಅಳತೆಯ ಪ್ರತಿರೂಪ. ವಾಯುಪಡೆಗೆ ಸಂದ ಏಕೈಕ ಪರಮವೀರ ಚಕ್ರ ಅವರದು.

ಅಂಚೆಯಲ್ಲಿ ತರಿಸಿದ ಪ್ಲಾಸ್ಟಿಕ್ ಕಿಟ್ ಒಡೆದು ಬಂದಿತ್ತು. ಹಾಗಾಗಿ ಹಿತ್ತಿಲಿನ ಹಾಲೆಮರದ ತುಂಡನ್ನೇ ಕೆತ್ತಿದೆ. ಆಟಿ ಅಮಾವಾಸ್ಯೆಗೆ ನಾವು ತೊಗಟೆಯ ಕಷಾಯ ಕುಡಿಯುವ ಅದೇ ಮರ. ಹಗುರ, ಉಳಿಗೆ ಸಲೀಸು. ಪೈಲಟ್ ಕೂರುವಲ್ಲಿನ ಗಾಜಿಗೆ ನೀರಿನ ಬಾಟಲಿಯನ್ನು ಮರದ ಅಚ್ಚಿನ ಮೇಲೆ ಬಿಸಿ ಮಾಡಿ ಕುಗ್ಗಿಸಿದೆ. ಹೆಚ್ಚು ಸತಾಯಿಸಿದ್ದು ಚಕ್ರಗಳು. ನ್ಯಾಟ್‌ನಲ್ಲಿ ಚಕ್ರದ ಕಾಲುಗಳು ಅರ್ಧ ಇಳಿದಾಗ ಅವುಗಳ ಬಾಗಿಲುಗಳೇ ಗಾಳಿಗೆ ಅಡ್ಡನಿಂತು ವೇಗ ತಗ್ಗಿಸುತ್ತವೆ. ಎಂಥ ಜಾಣ್ಮೆ! ಇದು ತಿಳಿಯದೆ ಎರಡು ಬಾರಿ ತಪ್ಪಾಗಿ ಅಂಟಿಸಿ ಕಿತ್ತೆ. ಮಳೆಯ ತೇವಕ್ಕೆ ಬಣ್ಣ ಬಿಳಿಚಿಕೊಂಡಿತು. ಬಲ್ಬ್ ಉರಿಸಿದ ಪೆಟ್ಟಿಗೆಯೊಳಗಿಟ್ಟು ಒಣಗಿಸಬೇಕಾಯಿತು.

ಬ್ರಿಟನ್ನಿನ ಈ ವಿಮಾನವನ್ನು ಪರವಾನಗಿ ಪಡೆದು ತಯಾರಿಸಿದ್ದು ಬೆಂಗಳೂರಿನ ಎಚ್‌ಎಎಲ್. ಆದರೂ ನನಗೆ ಸಿಕ್ಕಿದ ನಕ್ಷೆಗಳೆಲ್ಲ ಇಂಗ್ಲಿಷಿನವು. ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಕೈಯಲ್ಲಿ ಇಂಥ ಕೆಲಸಕ್ಕೆ ಬೇಕಾದ ತಾಳ್ಮೆ ಇದೆ, ಅವರಿಗೆ ಓದಲು ಬರುವ ನಕ್ಷೆ ಇಲ್ಲ. ನಿಮ್ಮ ಮಕ್ಕಳ ಪುಟದಲ್ಲಿ ಮೇಲಿನ, ಪಕ್ಕದ, ಮುಂದಿನ ನೋಟಗಳನ್ನು ಅಳತೆಯೊಂದಿಗೆ ಅಚ್ಚು ಹಾಕಿ. ನಾನು ಬರೆದಿಟ್ಟ ಹಾಳೆಗಳನ್ನು ನಾಳೆಯೇ ಕಳುಹಿಸಿಕೊಡುತ್ತೇನೆ.

– ನಿವೃತ್ತ ಅಧ್ಯಾಪಕ, ಬದಿಯಡ್ಕ, ಕಾಸರಗೋಡು ಜಿಲ್ಲೆ