ಹುಳು ಕವಲೊಡೆಯುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಮಕ್ಕಳನ್ನು ಕಾಡುವ ದಾರದ ಹುಳುವಿನ ಬಗ್ಗೆ ಲೇಖನ ಬಂದಿತ್ತು. ಬರಹ ಚೆನ್ನಾಗಿತ್ತು. ನನ್ನ ತಕರಾರು ಪಕ್ಕದ ಫೋಟೊ ಮೇಲೆ. ನೀಲಿ ನೀಲಿ ಎಳೆಗಳು, ಅಲ್ಲಲ್ಲಿ ಕವಲು, ಒಳಗೆ ಅಡ್ಡಗೋಡೆ. ಕೆಳಗೆ ‘ಮೈಕ್ರೊಸ್ಕೋಪ್‌ನಲ್ಲಿ ಕಂಡ ಹುಳುಗಳು’ ಅಂತ ಹಾಕಿದ್ದೀರಿ. ಅದು ಫಂಗಸ್. ಆ ನೀಲಿ ಬಣ್ಣ ನೋಡಿದರೆ, ಫಂಗಸ್ ಎದ್ದು ಕಾಣಲೆಂದು ಬಳಸುವ ಲ್ಯಾಕ್ಟೊಫಿನಾಲ್ ಕಾಟನ್ ಬ್ಲೂ ಎಂಬ ಬಣ್ಣ ಹಾಕಿದ ಸ್ಲೈಡ್ ಇರಬೇಕು. ಹುಳು ಎಲ್ಲಾದರೂ ಕವಲೊಡೆಯುತ್ತದೆಯೇ ಸ್ವಾಮಿ?

ಇನ್ನೊಂದು ವಿಷಯ. ದಾರದ ಹುಳು ನೋಡಲು ಮೈಕ್ರೊಸ್ಕೋಪೇ ಬೇಡ. ಹೆಣ್ಣು ಹುಳು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಉದ್ದ, ಬರಿಗಣ್ಣಿಗೇ ಕಾಣುತ್ತದೆ. ಮೈಕ್ರೊಸ್ಕೋಪ್ ಬೇಕಾಗುವುದು ಮೊಟ್ಟೆಗೆ. ಬೆಳಿಗ್ಗೆ ಎದ್ದ ಕೂಡಲೇ, ತೊಳೆಯುವ ಮೊದಲು, ಮಗುವಿನ ಗುದದ್ವಾರದ ಸುತ್ತ ಸೆಲ್ಲೋಟೇಪ್ ಒತ್ತಿ ತೆಗೆದು ಸ್ಲೈಡಿಗೆ ಅಂಟಿಸುತ್ತೇವೆ. ಒಂದು ಬದಿ ಚಪ್ಪಟೆಯಾದ ಮೊಟ್ಟೆ ಕಂಡರೆ ಕೆಲಸ ಮುಗಿಯಿತು.

ನಾನು 31 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. ಎಳೆ ನೋಡಿ ಎಡವುವುದು ಎಷ್ಟು ಸುಲಭ ಅಂತ ಚೆನ್ನಾಗಿ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಚರ್ಮ ಕೆರೆದು ತೆಗೆದ ಪುಡಿಗೆ ಕೆಒಎಚ್ (ಚರ್ಮದ ಕೋಶಗಳನ್ನು ಕರಗಿಸಿ ಫಂಗಸ್ ಕಾಣುವಂತೆ ಮಾಡುವ ಕ್ಷಾರ) ಹಾಕಿ ನೋಡಿದೆ. ಉದ್ದನೆಯ ಎಳೆ ಕಂಡಿತು. ಖುಷಿಯಿಂದ ‘ಫಂಗಸ್ ಇದೆ’ ಅಂತ ಬರೆದೆ. ಸಹಿ ಹಾಕಬೇಕಿದ್ದ ಡಾಕ್ಟರ್ ಸ್ಲೈಡ್ ನೋಡಿ, “ಇದು ನೀನು ಕೈ ಒರೆಸಿದ ಹತ್ತಿಯದ್ದು ಕಣಮ್ಮ” ಅಂದರು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ಹತ್ತಿಯ ಎಳೆ ರಿಬ್ಬನ್ ತಿರುಚಿದ ಹಾಗಿರುತ್ತದೆ. ಫಂಗಸ್ ಎಳೆ ಉದ್ದಕ್ಕೂ ಬಹುಪಾಲು ಒಂದೇ ದಪ್ಪ, ಚರ್ಮದ ಕೋಶಗಳ ಗಡಿ ಲೆಕ್ಕಿಸದೆ ದಾಟಿಕೊಂಡು ಹೋಗುತ್ತದೆ. ಆ ರಿಪೋರ್ಟ್ ಹಾಗೇ ಹೋಗಿದ್ದರೆ ಯಾರೋ ಒಬ್ಬರು ಸುಮ್ನೆ ವಾರಗಟ್ಟಲೆ ಔಷಧಿ ತಿನ್ನಬೇಕಿತ್ತು.

ಆನೆಕಾಲು ರೋಗದ ಸ್ಲೈಡ್‌ಗಳು ಇನ್ನೂ ಕಷ್ಟ. ಮರಿಹುಳು ರಾತ್ರಿ ಹೊತ್ತಿನಲ್ಲೇ ಜಾಸ್ತಿ ರಕ್ತಕ್ಕೆ ಬರುವುದರಿಂದ 10 ಗಂಟೆ ಮೇಲೆ ರಕ್ತ ತೆಗೆಯುತ್ತಿದ್ದೆವು. ನಿದ್ದೆಗಣ್ಣಲ್ಲಿ ಬಟ್ಟೆಯ ನೂಲೂ ಮರಿಹುಳುವಾಗಿ ಕಾಣುತ್ತದೆ! ಬಣ್ಣ ಹಾಕಿದ ಮೇಲೆ ಒಳಗೆ ಚುಕ್ಕಿಗಳ ಸಾಲು ಇದೆಯೇ ಅಂತ ಹುಡುಕಬೇಕು. ಚುಕ್ಕಿ ಇಲ್ಲದಿದ್ದರೆ ನೂಲು. ಇದ್ದರೆ ಯಾವ ಜಾತಿಯ ಹುಳು ಅಂತ ತಿಳಿಯಲು ಬಾಲದ ತುದಿ ನೋಡಬೇಕು. ಆನೆಕಾಲು ತರುವ ಹುಳುಗಳಲ್ಲಿ ಒಂದಾದ ವುಚೆರೇರಿಯಾದಲ್ಲಿ ಚುಕ್ಕಿಗಳು ತುದಿಯವರೆಗೆ ಬರುವುದಿಲ್ಲ. ಇನ್ನೊಂದು ಜಾತಿ ಬ್ರೂಜಿಯಾ ಮಲಯಿಯ ಬಾಲದಲ್ಲಿ ಎರಡು ಚುಕ್ಕಿ ಬೇರೆಯಾಗಿ ನಿಂತಿರುತ್ತವೆ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಆಕ್ಟಿನೊಮೈಸಿಟ್‌ಗಳು ಎಳೆ ಎಳೆಯಾಗಿ ಬೆಳೆಯುತ್ತವೆ ಅಂತ ಬಹಳ ಕಾಲ ಅವನ್ನು ಫಂಗಸ್ ಗುಂಪಿಗೇ ಸೇರಿಸಿದ್ದರು. ಅವು ಬ್ಯಾಕ್ಟೀರಿಯಾ. 1943ರಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು ಆ ಗುಂಪಿನಿಂದಲೇ.

ಪತ್ರಿಕೆಯಲ್ಲಿ ಅಚ್ಚಾದಾಗ ಎಲ್ಲ ಎಳೆಗಳೂ ಒಂದೇ ದಪ್ಪ ಆಗಿಬಿಡುತ್ತವೆ. ಡಿಎನ್‌ಎ ದಪ್ಪ 2 ನ್ಯಾನೊಮೀಟರ್. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲ ಸುಮಾರು 20. ಫಂಗಸ್ ಎಳೆ ಸಾಮಾನ್ಯವಾಗಿ 2ರಿಂದ 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ 1000 ನ್ಯಾನೊಮೀಟರ್), ಅಂದರೆ ಡಿಎನ್‌ಎಗಿಂತ ಸಾವಿರ ಪಟ್ಟಿಗೂ ಮೇಲೆ. ಮೂರನ್ನೂ ಎರಡು ಕಾಲಂ ಅಗಲಕ್ಕೆ ಹಿಗ್ಗಿಸಿದರೆ ಓದುವವರಿಗೆ ಏನು ಗೊತ್ತಾಗಬೇಕು? ಫೋಟೊದ ಮೂಲೆಯಲ್ಲಿ ಒಂದು ಅಳತೆ ಗೆರೆ ಇದ್ದರೆ ಸಾಕು. ಮೂಲ ಚಿತ್ರದಲ್ಲಿ ಅದು ಬಹಳ ಸಲ ಇರುತ್ತದೆ. ಪುಟ ಕಟ್ಟುವವರು ಅಂದ ಕೆಡುತ್ತದೆ ಅಂತ ಕತ್ತರಿಸುತ್ತಾರೋ ಏನೋ.

ಇಷ್ಟು ಸಣ್ಣದಕ್ಕೆ ಪತ್ರ ಬೇಕಿತ್ತಾ ಅನ್ನಬೇಡಿ. ಒಮ್ಮೆ ಒಬ್ಬರು ಬೆಂಕಿಪೆಟ್ಟಿಗೆಯಲ್ಲಿ ಎಳೆಗಳನ್ನು ತಂದಿದ್ದರು. ತಮ್ಮ ಚರ್ಮದಿಂದ ಹುಳು ಹೊರಬರುತ್ತಿದೆ ಅಂತ ಅವರ ನಂಬಿಕೆ. ಯಾವುದೋ ಚಿತ್ರ ನೋಡಿ ಬಂದ ಭಯ. ನೋಡಿದೆ, ಬಟ್ಟೆಯ ನೂಲು. ಆದರೆ ತುರಿಕೆ ಸುಳ್ಳಲ್ಲ, ತೋಳೆಲ್ಲ ಗೀರಿಕೊಂಡಿದ್ದರು. ಹೀಗೆ ಹೇಳಿಕೊಳ್ಳುವವರನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪರೀಕ್ಷಿಸಿ 2012ರಲ್ಲಿ ವರದಿ ಪ್ರಕಟಿಸಿತ್ತು. ಚರ್ಮದಲ್ಲಿ ಸಿಕ್ಕ ಎಳೆಗಳಲ್ಲಿ ಹೆಚ್ಚಿನವು ಸೆಲ್ಯುಲೋಸ್, ಬಹುಶಃ ಹತ್ತಿಯವು ಅಂತ ಅದರಲ್ಲಿತ್ತು. ನಮ್ಮಲ್ಲಿಗೆ ಬಂದವರಿಗೆ ನಾನು ನಗಲಿಲ್ಲ. ಎರಡು ಸ್ಲೈಡ್ ಪಕ್ಕಪಕ್ಕ ಇಟ್ಟೆ. ಒಂದರಲ್ಲಿ ಅವರ ಎಳೆ, ಇನ್ನೊಂದರಲ್ಲಿ ಅವರದೇ ಅಂಗಿಯಿಂದ ಕಿತ್ತದ್ದು. ತುಂಬಾ ಹೊತ್ತು ನೋಡಿ, “ಎರಡೂ ಒಂದೇ ಅಲ್ವಾ?” ಅಂದರು. ಚರ್ಮದ ಡಾಕ್ಟರ ಕೊಠಡಿಗೆ ನಾನೇ ಕರೆದುಕೊಂಡು ಹೋದೆ.

ಮುಂದಿನ ವಾರ ಅದೇ ಪುಟದಲ್ಲಿ ತಿದ್ದುಪಡಿ ಹಾಕಿ. ದಾರದ ಹುಳುವಿನ ಸರಿಯಾದ ಫೋಟೊ ಇರಲಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆದದ್ದು.

ಇತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್